ಕೂಸಪ್ಪನಿಗೆ ಕೊಟ್ಟ ವಿಶ್ರಾಂತಿ

ಮೂಡಬಿದ್ರಿಯಿಂದ ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸಿಗೆ ಕೂಸಪ್ಪ ಕಂಡಕ್ಟರ್. ಅವನು "ಬಂಟ್ವಾಳ, ಪಾಣೆಮಂಗಳೂರು" ಎಂದು ರಾಗ ಎಳೆದರೆ ಬೇರೆ ಬಸ್ಸಿಗೆ ಕಾದವರೂ ಇದನ್ನೇ ಹತ್ತುತ್ತಿದ್ದರು. ತಾಲೂಕು ಕಚೇರಿಯ ಗುಮಾಸ್ತನಾದ ನಾನು ದಿನವೂ ಆ ಬಸ್ಸಿನವನು. ಬಿ.ಎ.ಯಲ್ಲಿ ಕಲಿತದ್ದು ಮರೆತಿತ್ತು, ಕೂಸಪ್ಪನ ರಾಗವನ್ನು ಅಣಕಿಸಲು ಕಲಿತದ್ದು ಮರೆತಿರಲಿಲ್ಲ.

ಅರುವತ್ತೊಂದನೇ ಇಸವಿಯಲ್ಲಿ ಆ ಗಂಟಲಿಗೆ ಕ್ಯಾನ್ಸರ್ ಬಂತು. ಅದೇ ವರ್ಷ ಅದೇ ರೋಗ ಬಸ್ಸಿನ ಧಣಿ ಸನತ್‌ಕುಮಾರರ ಭಾವ, ಕಂಪೆನಿಯ ಮ್ಯಾನೇಜರ್ ವಿಮಲಕುಮಾರರಿಗೂ ಬಂತು. ರೋಗಕ್ಕೆ ಬಡವ ಬಲ್ಲಿದ ಎಂದಿಲ್ಲ ಎಂದು ಊರು ಹೇಳಿತು. ಮದ್ದಿಗೆ ಉಂಟು ಎಂಬುದನ್ನು ಯಾರೂ ಹೇಳಲಿಲ್ಲ. ವಿಮಲಕುಮಾರರು ಬೊಂಬಾಯಿಯಲ್ಲಿ ಚಿಕಿತ್ಸೆ ಮಾಡಿಸಿಕೊಂಡು, ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದು ಬಂದರು. ಸ್ವರ ಹೋಗಿತ್ತು, ಕುರ್ಚಿ ಇದ್ದಲ್ಲೇ ಇತ್ತು. ಗಂಟಲಿಲ್ಲದಿದ್ದರೇನು, ಮೇಜಿನ ಮೇಲೆ ಗಂಟೆ ಬಂತು. ಅವರ ಪಿಸುಮಾತು ಕೇಳಲು ಎಲ್ಲರೂ ಬಗ್ಗಬೇಕಾದ್ದರಿಂದ ಗೌರವ ಮೊದಲಿಗಿಂತ ಹೆಚ್ಚಾದಂತೆಯೇ ಕಾಣುತ್ತಿತ್ತು.

ಕೂಸಪ್ಪ ಮಂಗಳೂರಿನಲ್ಲಿ ಗಡ್ಡೆ ಕೊಯ್ಸಿಕೊಂಡ. ಉಳಿದ ಚಿಕಿತ್ಸೆಗೆ ಮದ್ರಾಸಿಗೆ ಹೋಗು ಎಂದರಂತೆ. ಅವನು ಬಸ್ಸಿಗೆ ಬಂದ. ಅವನ ಸ್ವರವೂ ಹೋಗಿತ್ತು. ಬಸ್ಸಿನ ತಗಡಿಗೆ ಅಂಗೈಯಿಂದ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು. ಅದಕ್ಕೆ ಸ್ವರ ಬೇಡ. ಊರಿನ ಹೆಸರು ಕೂಗುವ ಕೆಲಸವನ್ನು ನಾವು ದಿನದ ಪ್ರಯಾಣಿಕರು ಹಂಚಿಕೊಂಡೆವು. ಸಿದ್ಧಕಟ್ಟೆಯಲ್ಲಿ ಮೀನಿನ ಬುಟ್ಟಿಯ ಸುಂದರಿ ಕೂಗುವಳು, ಮುಂದೆ ನಾನು, ಅವನದೇ ರಾಗದಲ್ಲಿ.

"ನಿಮ್ಮದು ಚೂರು ಮೂಗಿಂದ ಬರ್ತದೆ ಅಣ್ಣೆರೆ," ಎಂದು ಸುಂದರಿ ತಿದ್ದುವಳು. ಕೂಸಪ್ಪ ಸದ್ದಿಲ್ಲದೆ ನಗುವನು.

ಮಳೆ ನಿಂತು ಧೂಳೆದ್ದಾಗ ಅವನು ಕರವಸ್ತ್ರದಲ್ಲಿ ರಕ್ತ ಉಗುಳತೊಡಗಿದ. ಹೆಂಡತಿ ಪೂವಮ್ಮ ನನ್ನನ್ನು ತಡೆದು ನಿಲ್ಲಿಸಿದಳು. "ಬಂಟ್ವಾಳದ ಬುಕ್ಕಿಂಗ್ ಆಫೀಸಿನಲ್ಲಿ ಕೂರುವ ಕೆಲಸ ಖಾಲಿ ಉಂಟಂತೆ. ಧಣಿಗಳ ಹತ್ರ ನೀವು ಮಾತಾಡಿ. ಇವರು ಮನೆಯಲ್ಲಿ ಕೂತರೆ ಒಲೆಯೂ ಕೂರ್ತದೆ."

ಮೂಡಬಿದ್ರಿಯ ಕಂಪೆನಿ ಆಫೀಸಿಗೆ ನಾನೂ ಕೂಸಪ್ಪನೂ ಹೋದೆವು. ಹೊರಗೆ ಕೂಸಪ್ಪ ನನ್ನ ಕಿವಿಯ ಹತ್ತಿರ ಉಸಿರಿನಲ್ಲಿ ಹೇಳಿದ: "ಪುಸ್ತಕದ ಕನ್ನಡ ಬೇಡ. ನಾನು ಹೇಳಿದ ಹಾಗೆ ಹೇಳಿ."

ಹಾಗೆಯೇ ಹೇಳಿದೆ. "ಧಣಿಗಳೇ, ಬಸ್ಸಿನಲ್ಲಿ ನಿಲ್ಲಿಕ್ಕೆ ಆಗುದಿಲ್ಲ. ಕೂತು ಟಿಕೇಟು ಹರೀತೇನೆ. ಕೈ ಸರಿ ಉಂಟು, ಲೆಕ್ಕ ಸರಿ ಉಂಟು."

ಸನತ್‌ಕುಮಾರರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಕೂಸಪ್ಪನೇ ಮಾತಾಡಿದ ಹಾಗೆ ಉಂಟು ಮಾರಾಯ್ರೆ. ಇನ್ನೊಮ್ಮೆ ಹೇಳಿ, ಕೇಳುವ."

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಅದು ಬೇಡಿಕೆಯಾಗಿ ಉಳಿಯಲಿಲ್ಲ.

"ಬುಕ್ಕಿಂಗಿನಲ್ಲಿ ಜನ ಕೇಳಿದ್ದಕ್ಕೆ ಉತ್ತರ ಹೇಳ್ಬೇಕಲ್ಲ," ಎಂದರು ಧಣಿ ಕಣ್ಣೊರೆಸಿಕೊಂಡು. ಕೂಸಪ್ಪ ಪಕ್ಕದ ಮೇಜಿನಲ್ಲಿ ಕೂತಿದ್ದ ವಿಮಲಕುಮಾರರ ಕಡೆ ನೋಡಿದ. ಆ ಕೋಣೆಯಲ್ಲಿ ಅವನ ನೋವು ಗೊತ್ತಿದ್ದವರು ಅವರೊಬ್ಬರೇ.

ವಿಮಲಕುಮಾರರು ಗಂಟೆ ಒತ್ತಿದರು. ನಾವು ಬಗ್ಗಿದೆವು. ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. "ಇವನಿಗೆ ಕೆಲಸ ಬೇಡ ಭಾವ," ಎಂದು ಪಿಸುಗುಟ್ಟಿದರು. "ವಿಶ್ರಾಂತಿ ಬೇಕು. ನಾನು ಬದುಕಿದ್ದು ವಿಶ್ರಾಂತಿಯಿಂದ. ಮನೆಗೆ ಕಳಿಸು."

"ಅದು ಸರಿ," ಎಂದರು ಧಣಿ, ಭಾರ ಇಳಿದವರಂತೆ. "ಆರೋಗ್ಯಕ್ಕಿಂತ ದೊಡ್ಡದು ಯಾವುದುಂಟು? ಬ್ಯಾಗು ಇಲ್ಲಿಡು ಕೂಸಪ್ಪ. ಇವತ್ತಿನಿಂದಲೇ ನಿನ್ನ ಬಸ್ಸಿಗೆ ರುಕ್ಮಯ್ಯ ಹೋಗ್ತಾನೆ."

ನಾನು ಬಾಯಿ ತೆರೆದೆ. ಹೇಳಬೇಕಾದ್ದೆಲ್ಲ ಗೊತ್ತಿತ್ತು, ಯಾರ ಸ್ವರದಲ್ಲಿ ಹೇಳುವುದೆಂದು ಗೊತ್ತಾಗಲಿಲ್ಲ.

ಕೂಸಪ್ಪ ತೊಗಲಿನ ಬ್ಯಾಗನ್ನು ಮೇಜಿನ ಮೇಲಿಟ್ಟ. ಆಮೇಲೆ ನನ್ನ ಕಡೆ ನೋಡದೆ, ಅಂಗಳದ ಬಸ್ಸನ್ನು ತೋರಿಸಿ, ಗಾಳಿಯಲ್ಲಿ ಕೈಯಾಡಿಸಿ ತಿಕ್ಕಿ ತೋರಿಸಿದ. ಬಸ್ಸು ತೊಳೆಯುತ್ತೇನೆ ಎಂದು.

"ಛೆ, ನೀನು ನೆನೆಯಬಾರದು," ಎಂದರು ಧಣಿ ಮೃದುವಾಗಿ.

ಹೊರಗೆ ಬಂದಾಗ ನಮ್ಮ ಬಸ್ಸು ಹೊರಡಲು ನಿಂತಿತ್ತು. ನಾನು ಹತ್ತಿದೆ. ಅವನು ಹತ್ತಲಿಲ್ಲ, ಜಗಲಿಯ ಬೆಂಚಿನ ಮೇಲೆ ಕೂತು, ನೀವು ಹೋಗಿ ಎಂದು ಕೈ ಮಾಡಿದ. ಸಂಜೆಯ ಬಸ್ಸಿಗೆ ಬರುತ್ತಾನಂತೆ. ಕೆಲಸವಿದ್ದ ದಿನ ಅವನು ಮನೆ ಸೇರುತ್ತಿದ್ದದ್ದು ಆ ಹೊತ್ತಿಗೇ.