ಅಜ್ಜಿಯ ಪಾಲಿನ ಬಟ್ಟೆ

ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸೀಳು ಮಾಡಿಕೊಂಡ ವಾಗಿರಾ, ಅದನ್ನು ಎರಡೂ ಕೈಗಳಲ್ಲಿ ಹಿಡಿದು ಒಂದೇ ಸಮನೆ ಹರಿದಳು. ಹೆಣಕ್ಕೆ ಸುತ್ತುವ ಕಫನ್ನಿನ ಬಟ್ಟೆಗೆ ಕತ್ತರಿ ಸೋಕಬಾರದು. ನೂಲಿನ ಜಾಡು ಹಿಡಿದು ಹರಿಯಬೇಕು. ಹರಿದ ಸದ್ದು ಬಿದಿರಿನ ಗೋಡೆ ದಾಟಿ ಅಂಗಳಕ್ಕೆ ಹೋಯಿತು. ಅಲ್ಲಿ ಕೂತಿದ್ದವರ ಮಾತು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಪಕ್ಕದ ಮಂಚದ ಮೇಲೆ ಅವಳ ತಾಯಿ ಸಮಿಂತೆನ್ ಮಲಗಿದ್ದಳು. ಬೆಳಗಿನ ಜಾವ ಉಸಿರು ನಿಂತಿತ್ತು. ಮಧ್ಯಾಹ್ನದ ನಮಾಜಿಗೆ ಮುಂಚೆ ಮಣ್ಣಾಗಬೇಕು. ನೆರೆಯ ಹೆಂಗಸರು ಬೋಗುಣಿಗಳಲ್ಲಿ ಅಕ್ಕಿ ಹೊತ್ತು ತಂದು ಹಿತ್ತಲಿನ ಅಡುಗೆಮನೆಯಲ್ಲಿ ಸುರಿಯುತ್ತಿದ್ದರು.

"ಇನ್ನೆರಡು ತುಂಡು ಹರಿ," ಎಂದಳು ಸಾರ್ಪಿ. ಊರಿನ ಹೆಂಗಸರಲ್ಲಿ ಯಾರು ಸತ್ತರೂ ಮೈ ತೊಳೆಯುವವಳು ಅವಳೇ. "ಗಂಡಸಿಗೆ ಮೂರು, ಹೆಂಗಸಿಗೆ ಐದು. ಸತ್ತ ಮೇಲಾದ್ರೂ ನಮಗೆ ಎರಡು ಜಾಸ್ತಿ ಸಿಗುತ್ತಲ್ಲ, ಬಿಡು."

ವಾಗಿರಾಳ ತಮ್ಮ ಲೆಗಿಮಾನ್ ಬಾಗಿಲಿಗೆ ಬಂದು ನಿಂತ. ಪಟ್ಟಣದ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಸುಕಿನಲ್ಲೇ ಅಂಗಡಿಯವನನ್ನು ಎಬ್ಬಿಸಿ ಬಟ್ಟೆ ತಂದಿದ್ದ.

"ಸಾಕಾಗುತ್ತಾ ಅಕ್ಕ? ಇದ್ದದ್ರಲ್ಲೇ ಒಳ್ಳೇದು ತಂದಿದೀನಿ."

"ಸಾಕು. ಬೇಕಾದಷ್ಟಿದೆ."

"ಮತ್ತೆ ಆ ಚಾಪೆ ಮಾತು ಎತ್ತಬೇಡ."

ಅವಳು ನಾಲ್ಕನೆಯ ತುಂಡಿಗೆ ಬಟ್ಟೆ ಅಳೆದಳು. ಮೂರು ದಿನದ ಹಿಂದೆ ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡು ಹೇಳಿದ್ದಳು: "ನನಗೆ ಹೊಸ ಬಟ್ಟೆ ಸುತ್ತಬೇಡ ಕಣೇ. ಚಾಪೆ ಸಾಕು. ನನ್ನಮ್ಮನಿಗೆ ಸಿಗದೇ ಇದ್ದದ್ದನ್ನ ಸುತ್ತಿಕೊಂಡು ಅವಳ ಮುಂದೆ ಹೆಂಗೆ ಹೋಗಿ ನಿಂತ್ಕೊಳ್ಳಲಿ?" ವಾಗಿರಾ ಹೂಂ ಅಂದಿದ್ದಳು. ತಮ್ಮನಿಗೆ ಹೇಳಿದಾಗ ಅವನು ತಲೆ ಅಲ್ಲಾಡಿಸಿದ್ದ. "ಜಪಾನಿನವರ ಕಾಲ ಮುಗಿದು ಮೂವತ್ತಮೂರು ವರ್ಷ ಆಯ್ತು. ಈಗ ಹೆತ್ತವಳನ್ನ ಚಾಪೇಲಿ ಸುತ್ತಿದ್ರೆ ಊರು ನನ್ನ ಮುಖಕ್ಕೆ ಉಗಿಯೋದಿಲ್ವಾ?" ಅವನು ಹೇಳಿದ್ದೂ ಸುಳ್ಳಲ್ಲ. ಅಜ್ಜಿ ಸತ್ತಾಗ ಅವನಿನ್ನೂ ಹುಟ್ಟಿರಲಿಲ್ಲ.

*

ಆಗ ವಾಗಿರಾಳಿಗೆ ಹನ್ನೊಂದು ವರ್ಷ. ಜಪಾನಿನವರು ಯುದ್ಧ ಸೋತಿದ್ದರೂ ಬಂದೂಕು ಹಿಡಿದು ಊರ ಸಕ್ಕರೆ ಕಾರ್ಖಾನೆ ಕಾಯುತ್ತಲೇ ಇದ್ದರು. ಜಕಾರ್ತದಲ್ಲಿ ಸ್ವಾತಂತ್ರ್ಯ ಸಾರಿದ ಸುದ್ದಿ ಅವರ ಊರು ಕರಂಗ್‌ಸೊನೊ ತಲುಪುವ ಹೊತ್ತಿಗೆ ತಿಂಗಳು ಕಳೆದಿತ್ತು. ಜನರ ಮೈಮೇಲೆ ಗೋಣಿತಟ್ಟು. ಸಮಿಂತೆನ್ ಬಿಳಿ ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ತಾರ ಬರೆಯುವವಳು. ಬರೆಯಲು ಬಟ್ಟೆಯೇ ಬಾರದೆ ಮೂರು ವರ್ಷವಾಗಿತ್ತು.

ಇಡೀ ಮನೆಯಲ್ಲಿ ಇದ್ದದ್ದು ಒಂದೇ ಒಂದು ಬಿಳಿ ಬಟ್ಟೆ. ಡಚ್ಚರ ಕಾಲದಲ್ಲೇ ಅಜ್ಜಿ ತನ್ನ ಕಫನ್ನಿಗೆಂದು ಕೊಂಡು, ಲಾವಂಚದ ಬೇರು ಸೇರಿಸಿ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟದ್ದು.

ಒಂದು ಮಧ್ಯಾಹ್ನ ಕಾರ್ಖಾನೆಯ ಕೆಲಸಗಾರ ಕ್ರೊಮೊ ಹಿತ್ತಲಿನಿಂದ ಬಂದ. "ಅಕ್ಕ, ಸ್ವಾತಂತ್ರ್ಯದ ಬಾವುಟ ಬೇಕು, ಕೆಂಪು ಬಿಳುಪಿನದು. ನಾಳೆ ಬೆಳಗಾಗೋದ್ರೊಳಗೆ ಕಾರ್ಖಾನೆಯ ಎತ್ತರದ ನೀರಿನ ತೊಟ್ಟಿ ಮೇಲೆ ಹಾರಬೇಕು. ಹತ್ತೋಕೆ ನಾನಿದೀನಿ. ಬಟ್ಟೆ ಎಲ್ಲೂ ಇಲ್ಲ."

"ನನ್ನ ಹತ್ರ ಎಲ್ಲಿಂದ ಬರಬೇಕು?" ಎಂದಳು ಸಮಿಂತೆನ್.

ಅವನು ಹೋದ ಮೇಲೆ ಅವಳು ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು ಹೋಗಿ ಪೆಟ್ಟಿಗೆ ತೆರೆದಳು.

ಅಜ್ಜಿ ಅದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಜ್ವರ ಹಿಡಿದು ಎರಡು ತಿಂಗಳಾಗಿತ್ತು. ಅಮ್ಮನ ಕೈಗೆ ಕತ್ತರಿ ಸಿಗಲಿಲ್ಲವೋ, ಅಭ್ಯಾಸವೋ, ಬಟ್ಟೆಯನ್ನು ಕಚ್ಚಿ ಹರಿದಳು. ಆ ಸದ್ದಿಗೆ ಜಾವಾದ ಯಾವ ಮನೆಯಲ್ಲಿಯೂ ಸಾವಿನ ಹೊರತು ಎರಡನೆಯ ಅರ್ಥವಿಲ್ಲ.

"ಯಾರು ಹೋದ್ರು?" ಎಂದಳು ಅಜ್ಜಿ.

"ಯಾರೂ ಇಲ್ಲ, ಅಮ್ಮ. ಬಾವುಟ ಹೊಲೀತಿದೀನಿ."

ಲಾವಂಚದ ವಾಸನೆ ಆಗಲೇ ಕೋಣೆಯನ್ನೆಲ್ಲ ತುಂಬಿತ್ತು. ಅಜ್ಜಿ ತಿರುಗಿ ನೋಡಲಿಲ್ಲ. ಗೋಡೆಗೇ ಹೇಳಿದಳು: "ಹೊಲಿಗೆ ಒತ್ತಾಗಿ ಹಾಕು. ಅಷ್ಟು ಎತ್ತರದಲ್ಲಿ ಗಾಳಿ ಜೋರಿರುತ್ತೆ."

ಅಷ್ಟೇ. ಆ ಮಾತು ಒಪ್ಪಿಗೆಯೋ ಸಿಟ್ಟೋ ಅಮ್ಮನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಕೆಂಪು ಬೀಜ ಅರೆದು ಅರ್ಧ ಬಟ್ಟೆಗೆ ಬಣ್ಣ ಹಾಕುತ್ತಾ ಮಗಳಿಗೆ ಹೇಳಿದಳು: "ಅಂಗಡಿಗೆ ಬಟ್ಟೆ ಬಂದ ದಿನವೇ ಹೊಸದು ತಂದು ಅದೇ ಜಾಗದಲ್ಲಿ ಇಡ್ತೀನಿ. ನೀನೇ ಸಾಕ್ಷಿ."

ಅಂಗಡಿಗೆ ಬಟ್ಟೆ ಬರಲಿಲ್ಲ. ನವೆಂಬರಿನ ಮಳೆಯಲ್ಲಿ ಅಜ್ಜಿ ಹೋದಳು. ಅವಳನ್ನು ಅವಳು ಮಲಗುತ್ತಿದ್ದ ಚಾಪೆಯಲ್ಲೇ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಮಣ್ಣಿಗಿಳಿಸಿದರು.

*

"ಸತ್ತವರಿಗೆ ಬಾವುಟ ಹೊದಿಸಬೇಕು ಅಂದ್ರೆ ಹೋರಾಟಗಾರರು ಅನ್ನೋ ಸರ್ಕಾರಿ ಪತ್ರ ಬೇಕಾಗುತ್ತೆ ಮಾವ," ಎಂದು ಅಂಗಳದಲ್ಲಿ ಊರ ಮುಖ್ಯಸ್ಥ ಹೇಳುತ್ತಿದ್ದುದು ಕೇಳಿಸಿತು. ಒಳಗೆ ವಾಗಿರಾ ಕಟ್ಟುವ ಪಟ್ಟಿಗಳನ್ನು ಹರಿಯುತ್ತಿದ್ದಳು.

"ಪತ್ರ ನನ್ನ ಹತ್ರ ಇದೆ," ಎಂದ ಕ್ರೊಮೊ. ಈಗ ಅವನಿಗೆ ಹಲ್ಲಿಲ್ಲ, ದನಿ ಮಾತ್ರ ಹಾಗೇ ಇತ್ತು. "ತೊಟ್ಟಿ ಹತ್ತಿದ್ದಕ್ಕೆ ಕೊಟ್ರು. ಏನು ಹಿಡ್ಕೊಂಡು ಹತ್ತಿದೆ ಅಂತ ಯಾರೂ ಕೇಳಲಿಲ್ಲ."

"ಆ ಬಾವುಟ ಇವರೇ ಹೊಲಿದಿದ್ದಾ?"

"ಮತ್ತೆ ನಿಮ್ಮಪ್ಪ ಹೊಲಿದ್ನಾ? ಅವನು ಕಬ್ಬಿನ ಗದ್ದೇಲಿ ಅಡಗಿದ್ದ." ಯಾರೋ ನಕ್ಕು, ಸತ್ತ ಮನೆಯೆಂದು ನೆನಪಾಗಿ ಕೆಮ್ಮಿದರು. ಕ್ರೊಮೊ ಮುಂದುವರಿಸಿದ. "ಮೊದಲನೇ ಮಳೆಗೇ ಕೆಂಪು ಇಳಿದು ಬಿಳಿ ಅರ್ಧ ಎಲ್ಲ ಗುಲಾಬಿ ಆಯ್ತು. ಚಿತ್ತಾರದವಳ ಬಣ್ಣ ಬಿಡ್ತು ಅಂತ ಎಷ್ಟು ವರ್ಷ ಆಡಿಕೊಂಡ್ವಿ ಅವಳನ್ನ. ಆದ್ರೆ ಒಂದು ಹೊಲಿಗೆ ಬಿಚ್ಚಲಿಲ್ಲ ನೋಡು. ಸುರಬಾಯದ ಯುದ್ಧಕ್ಕೆ ಹೋದವರ ಕೈಗೆ ಅದನ್ನೇ ಕೊಟ್ಟು ಕಳಿಸಿದ್ವಿ. ಅವರೂ ಬರಲಿಲ್ಲ, ಅದೂ ಬರಲಿಲ್ಲ."

"ಆ ಕಾಲದಲ್ಲಿ ಬಟ್ಟೆ ಎಲ್ಲಿಂದ ಬಂತು?"

"ಚಿತ್ತಾರದ ಮನೆ ಅಲ್ವಾ, ಹಳೇ ತುಂಡು ಉಳಿದಿರಬೇಕು."

ವಾಗಿರಾಳ ಕೈ ನಿಂತಿತು. ಬಾಗಿಲಿಗೆ ನಾಲ್ಕು ಹೆಜ್ಜೆ. ಹೋಗಿ ಹೇಳಿದರೆ ಮುಖ್ಯಸ್ಥ ಕಚೇರಿಯ ಬಾವುಟ ತರಿಸುತ್ತಾನೆ, ತಮ್ಮ ನಾಲ್ಕು ಜನರ ಮುಂದೆ ಎದೆಯುಬ್ಬಿಸಿ ಅಳುತ್ತಾನೆ. ಬಣ್ಣದ ಗೇಲಿಗೆ ಅಮ್ಮ ಮೂವತ್ತಮೂರು ವರ್ಷ ಎಲ್ಲರ ಜೊತೆ ತಾನೂ ನಕ್ಕಿದ್ದಳು. ಬಟ್ಟೆಯ ಮಾತು ಮಾತ್ರ ಒಂದು ದಿನವೂ ಎತ್ತಿರಲಿಲ್ಲ. ಕೊಟ್ಟದ್ದು ತನ್ನದಾಗಿರಲಿಲ್ಲವಲ್ಲ.

ಅವಳು ಬಾಗಿಲಿಗೆ ಹೋಗಲಿಲ್ಲ. ಉಳಿದ ಬಟ್ಟೆಯ ಅಂಚು ಹುಡುಕಿ, ಕಚ್ಚಿ, ಮತ್ತೊಂದು ಉದ್ದನೆಯ ತುಂಡು ಹರಿದಳು.

"ಐದಾಯ್ತಲ್ಲೇ," ಎಂದಳು ಸಾರ್ಪಿ.

"ಒಂದರ ಅಂಚು ಸೊಟ್ಟ ಆಗಿದೆ ಚಿಕ್ಕಮ್ಮ."

"ಮಣ್ಣಿನೊಳಗೆ ಅಂಚು ಯಾರು ನೋಡ್ತಾರೆ? ನೀನೂ ನಿಮ್ಮಮ್ಮನ ಹಾಗೇ."

ಮೈ ತೊಳೆದರು. ಮೇಣದ ಹನಿ ಬಿದ್ದು ಬಿದ್ದು ಅಮ್ಮನ ಎಡಗೈ ಹೆಬ್ಬೆರಳ ಬುಡದಲ್ಲಿ ಚರ್ಮ ಮಿರುಗುತ್ತಿತ್ತು. ವಾಗಿರಾ ಅಲ್ಲಿ ಎರಡು ಸಲ ನೀರು ಹಾಕಿದಳು. ಒರೆಸಿ, ಕರ್ಪೂರ ಉದುರಿಸಿ, ಮೊದಲಿನ ತುಂಡುಗಳನ್ನು ಇಬ್ಬರೂ ಸೇರಿ ಸುತ್ತಿದರು. ಇನ್ನು ಹೊರಗಿನ ಎರಡು ಉಳಿದಿದ್ದವು.

"ಮೈ ತೊಳೆದು ಉಳಿದ ಹೂವಿನ ನೀರು ಚೆಲ್ಲಿ ಬರ್ತೀನಿ," ಎಂದು ಸಾರ್ಪಿ ಮಡಕೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ವಾಗಿರಾ ಆರನೆಯ ತುಂಡನ್ನು ತೊಡೆಯ ಮೇಲೆ ಹಾಸಿಕೊಂಡಳು. ಅಜ್ಜಿಯ ಬಟ್ಟೆ ಪೆಟ್ಟಿಗೆಯ ತಳದಲ್ಲಿ ಇದ್ದ ಹಾಗೆಯೇ ಮಡಿಸಿದಳು: ಉದ್ದಕ್ಕೆ ಎರಡು, ಅಡ್ಡಕ್ಕೆ ನಾಲ್ಕು. ಮಂಚದ ಬದಿಯಲ್ಲೇ ಇದ್ದ ಆ ಹಳೆಯ ಖಾಲಿ ಪೆಟ್ಟಿಗೆಯ ಮೂಲೆಯಲ್ಲಿ ಬೆರಳಾಡಿಸಿದಾಗ ಒಣಗಿದ ಲಾವಂಚದ ಒಂದು ಎಳೆ ಸಿಕ್ಕಿತು. ಅದನ್ನು ಮಡಿಕೆಯೊಳಗೆ ಸೇರಿಸಿದಳು. ಎದೆಯ ಮೇಲೆ ಕಟ್ಟಿದ್ದ ಅಮ್ಮನ ಕೈಗಳಿದ್ದ ಜಾಗದಲ್ಲಿ ಆ ಮಡಿಕೆಯನ್ನು ಇಟ್ಟು, ಹೊರಗಿನ ಬಟ್ಟೆಯನ್ನು ಎಳೆದು ಮುಚ್ಚಿ, ಅಂಗೈಯಿಂದ ನೇವರಿಸಿದಳು. ಉಬ್ಬು ಸ್ವಲ್ಪ ಉಳಿಯಿತು. ಮಡಿಸಿದ ಕೈಗಳ ಉಬ್ಬು ಎಂದುಕೊಳ್ಳುವಷ್ಟು.

"ಅಕ್ಕ," ಲೆಗಿಮಾನ್ ಹೊರಗಿನಿಂದ ಕೇಳಿದ, "ಬಟ್ಟೆ ಏನಾದ್ರೂ ಉಳೀತಾ?"

"ಇಲ್ಲ," ಎಂದಳು ವಾಗಿರಾ. "ಎಲ್ಲ ಹಿಡೀತು."

ಕೊನೆಯ ಪಟ್ಟಿಯನ್ನು ಎದೆಯ ಸುತ್ತ ತಂದು ಗಂಟು ಹಾಕಿದಳು. ಒತ್ತಾಗಿ.