ಬುಟ್ಟಿಯಲ್ಲಿ ಅತ್ತೆ

ಬಲೂನ್ ರೇಸಿನ ದಿನ ಬೆಳಿಗ್ಗೆ ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ಜ್ವರ ಕಣೇ. ಏಳೋಕೂ ಆಗ್ತಿಲ್ಲ," ಅಂದಳು. ನನ್ನ ಜೊತೆ ಹಾರಬೇಕಿದ್ದವಳು ಅವಳೇ. ನಮ್ಮ ರೇಸಿನ ನಿಯಮ ಸರಳ: ಬುಟ್ಟಿಯಲ್ಲಿ ಇಬ್ಬರು ಇರಬೇಕು, ಗ್ಯಾಸು ನಾಲ್ಕೇ ಸಿಲಿಂಡರು, ಯಾರು ಹೆಚ್ಚು ದೂರ ಹೋಗಿ ಇಳಿಯುತ್ತಾರೋ ಅವರು ಗೆದ್ದ ಹಾಗೆ. ಗಂಡನನ್ನು ಕರೆದೊಯ್ಯೋಣವೆಂದರೆ ಅವರು ತೊಂಬತ್ತೆರಡು ಕೆಜಿ. ಅವರನ್ನು ಹೊತ್ತ ಬಲೂನು ಪಕ್ಕದ ಬೀದಿ ದಾಟಿದರೆ ಅದೇ ಹೆಚ್ಚು.

"ನಾನು ಬರ್ತೀನಿ," ಅಂದರು ಅತ್ತೆ.

ನಮ್ಮದು ಲಾಂಡ್ರಿ. ಬಟ್ಟೆ ಮೂಟೆ ತೂಗುವ ಯಂತ್ರ ಬಾಗಿಲಲ್ಲೇ ಇದೆ. ಅತ್ತೆ ಅದರ ಮೇಲೆ ಹತ್ತಿ ನಿಂತೇಬಿಟ್ಟರು. ನಲವತ್ಮೂರು ಕೆಜಿ, ಅದೂ ಶಾಲು, ಬೂಟು ಸಮೇತ! ನನ್ನ ಬಾಯಲ್ಲಿ ನೀರೂರಿತು ಅಂದರೆ ತಪ್ಪು ತಿಳಿಯಬೇಡಿ. ಹಗುರಾದ ಮನುಷ್ಯರನ್ನು ಕಂಡರೆ ಬಲೂನಿನವರಿಗೆ ಹಾಗೇ ಆಗುತ್ತದೆ.

ಆದರೆ ಒಂದು ತೊಡಕಿತ್ತು. ಈ ರೇಸಿನ ದಾಖಲೆ ನೂರ ಅರವತ್ತೊಂದು ಕಿಲೋಮೀಟರು. ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ಮಾಡಿದವರು ನನ್ನ ಮಾವ. ಮಾವ ಈಗಿಲ್ಲ. ಇಸ್ತ್ರಿ ಮೇಜಿನ ಮೇಲ್ಗಡೆ ಅವರ ಪ್ರಮಾಣಪತ್ರ ತೂಗುಹಾಕಿದೆ, ಅತ್ತೆ ದಿನಾ ಅದರ ಗಾಜು ಒರೆಸುತ್ತಾರೆ. ಆ ದಾಖಲೆ ಮುರಿಯಲೇಬೇಕೆಂದು ಆರು ವರ್ಷದಿಂದ ನಾನು ಹಟ ಹಿಡಿದು ಹಾರುತ್ತಿದ್ದೇನೆ. ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆಂದಿಲ್ಲ. ಸತ್ತ ಮಾವನ ಮೇಲೆ ಸೊಸೆಗೆ ಅದೆಂಥ ಜಿದ್ದು ಅಂದಾರು ಎಂಬ ಭಯ.

ಏರಿದೆವು. ನಮ್ಮ ಬಟ್ಟೆ ವ್ಯಾನು ಓಡಿಸಿಕೊಂಡು ಕೆಳಗಿನ ರಸ್ತೆಯಲ್ಲಿ ಗಂಡ ಹಿಂಬಾಲಿಸಿದರು. ಅತ್ತೆ ಹೆದರುತ್ತಾರೆ ಅಂದುಕೊಂಡಿದ್ದೆ. ಅವರೋ, "ಅಯ್ಯೋ, ನಮ್ಮ ತಾರಸಿ ಇಷ್ಟೇನಾ! ಇದರ ಮೇಲಾ ನಾನು ನಲವತ್ತು ವರ್ಷ ಬಟ್ಟೆ ಒಣಗಿಸಿದ್ದು!" ಎಂದು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಬಲೂನಿಗೆ ಸ್ಟೀರಿಂಗ್ ಇಲ್ಲ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತದೆ. ಬೇಕಾದ ಗಾಳಿ ಸಿಗುವ ತನಕ ಏರುವುದು, ಇಳಿಯುವುದು, ಅಷ್ಟೇ ನಮ್ಮ ವಿದ್ಯೆ. ಅವತ್ತು ಮೂರು ತಾಸು ಗಾಳಿ ನಾನು ಹೇಳಿದ ಹಾಗೆ ಕೇಳಿತು. ನೂರ ನಲವತ್ತೆರಡು ಕಿಲೋಮೀಟರು ದಾಟಿದ ಮೇಲೆ ಕೈ ಕೊಟ್ಟಿತು. ಬಲೂನು ಮೆಲ್ಲಗೆ ಬಂದ ದಾರಿಗೇ ತಿರುಗತೊಡಗಿತು. ಮೇಲೆ ಏರಲು ಗ್ಯಾಸಿಲ್ಲ, ಕೊನೆಯ ಸಿಲಿಂಡರಿನಲ್ಲಿ ಕಾಲು ಭಾಗ ಉಳಿದಿತ್ತು. ನನಗೆ ಅಳುವೇ ಬಂತು.

"ಕೆಳಗಿಳಿಸು," ಅಂದರು ಅತ್ತೆ. "ಆ ಮನೆ ಮೇಲೆ ಹಾಸಿಗೆ ಹೊದಿಕೆ ಒಣಗ್ತಿದೆ ನೋಡು. ಎಲ್ಲಾ ಒಂದೇ ಸಮ ಆ ಕಡೆಗೇ ಉಬ್ಬಿದೆ. ನಿನಗೆ ಬೇಕಾದ ಗಾಳಿ ಅಲ್ಲಿದೆ."

"ಪಕ್ಕದಲ್ಲಿ ಅಂಗಿಗಳು ಬೇರೆ ಕಡೆ ಹಾರ್ತಿವೆಯಲ್ಲ ಅತ್ತೆ?"

"ಸಣ್ಣ ಬಟ್ಟೆ ನಂಬಬೇಡ, ಸುಮ್ಮನೆ ಕುಣಿಯುತ್ತೆ. ಒದ್ದೆ ಹೊದಿಕೆ ಸುಳ್ಳು ಹೇಳಲ್ಲ."

ನಾನು ಅವರ ಮುಖವನ್ನೇ ನೋಡಿದೆ. ಅಷ್ಟು ಕೆಳಗಿಳಿದ ಮೇಲೆ ಅಲ್ಲಿ ಗಾಳಿ ಇಲ್ಲದಿದ್ದರೆ ಮತ್ತೆ ಏರುವ ಮಾತೇ ಇಲ್ಲ. ಆಟ ಅಲ್ಲಿಗೆ ಮುಗಿದು ಮಾವನ ದಾಖಲೆ ಭದ್ರವಾಗಿ ಉಳಿಯುತ್ತಿತ್ತು.

"ಯಾಕೆ ಹಾಗೆ ನೋಡ್ತೀಯ? ಗಂಡನ ದಾಖಲೆ ಉಳಿಸ್ಕೊಳ್ಳೋಕೆ ಆಟ ಆಡ್ತಿದ್ದೀನಿ ಅಂತಾನಾ?"

ನನ್ನ ಕಿವಿ ಬಿಸಿಯಾಯಿತು.

"ಪ್ರತಿ ರೇಸಿನ ಬೆಳಿಗ್ಗೆ ತಾರಸಿ ಮೇಲೆ ಹೊದಿಕೆ ಹರವಿ, ಇವತ್ತು ಗಾಳಿ ಯಾವ ಕಡೆ, ಎಷ್ಟೊತ್ತಿಗೆ ತಿರುಗುತ್ತೆ ಅಂತ ನಿನ್ನ ಮಾವನಿಗೆ ಹೇಳ್ತಿದ್ದವಳು ನಾನು ಕಣೇ. ನನ್ನೂ ಕರ್ಕೊಂಡು ಹೋಗಿ ಅಂದ್ರೆ ಭಾರ ಜಾಸ್ತಿ ಆಗುತ್ತೆ ಅಂತಿದ್ರು. ಕರ್ಕೊಂಡು ಹೋಗ್ತಿದ್ದಿದ್ದು ಯಾರನ್ನ? ಆ ಬೇಕರಿಯವನನ್ನ! ನೂರು ಕೆಜಿ!"

ಉಸಿರು ಬಿಗಿಹಿಡಿದು ಬಲೂನನ್ನು ಇಳಿಸಿದೆ. ಬಟ್ಟೆಯ ಕ್ಲಿಪ್ ಎಣಿಸುವಷ್ಟು ಹತ್ತಿರ ಬಂದಾಗ ಬುಟ್ಟಿ ಜಗ್ಗಿತು, ಬಲೂನು ಮುಂದಕ್ಕೆ ನುಗ್ಗಿತು. ಹೊದಿಕೆ ತೋರಿಸಿದ ಕಡೆಗೇ! ನಾನು ಕಿರುಚಿಬಿಟ್ಟೆ. ಅತ್ತೆ ಬುಟ್ಟಿಯಿಂದ ಬಗ್ಗಿ, ತಾರಸಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ ಹೆಂಗಸಿಗೆ, "ಹೊದಿಕೆ ಮಧ್ಯದಲ್ಲೂ ಕ್ಲಿಪ್ ಹಾಕಮ್ಮಾ, ಜೋತುಬಿದ್ದಿದೆ!" ಎಂದು ಕೂಗಿದರು. ಆಕೆ ಕೈಯಲ್ಲಿದ್ದ ಒದ್ದೆ ಅಂಗಿಯನ್ನೇ ಬೀಸಿದಳು.

ನೂರ ಐವತ್ತೆಂಟು. ನೂರ ಅರವತ್ತು. ಬರ್ನರಿನ ಬೆಂಕಿ ಕೆಮ್ಮತೊಡಗಿತು.

"ಅತ್ತೆ, ಅರವತ್ತೊಂದು ದಾಟಿತು!"

"ದಾಟಲಿ, ಇನ್ನೂ ಗಾಳಿ ಇದೆ. ನೀನು ಮುಂದೆ ನೋಡು."

ನೂರ ಅರವತ್ತಾರಕ್ಕೆ ಗ್ಯಾಸು ಮುಗಿಯಿತು. ಬುಟ್ಟಿ ಒಂದು ಆಲೂಗಡ್ಡೆ ಹೊಲದಲ್ಲಿ ಕುಕ್ಕರಿಸಿ, ಒಂದಷ್ಟು ದೂರ ಜಾರಿಕೊಂಡು ಹೋಗಿ ಮಗುಚಿಕೊಂಡಿತು. ಅತ್ತೆ ನನ್ನ ಮೇಲೆ ಬಿದ್ದಿದ್ದರು. ಅವರ ಮೈ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಗು! ಇಬ್ಬರೂ ಮಣ್ಣಲ್ಲೇ ಬಿದ್ದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾವಿಬ್ಬರು ಹಾಗೆ ನಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಗಂಡ ಓಡಿಬಂದು ಮೊದಲು ನನ್ನನ್ನು, ಆಮೇಲೆ ಅಮ್ಮನನ್ನು ಎಬ್ಬಿಸಿದರು. ಎಷ್ಟು ದೂರ ಬಂದೆವೆಂದು ಅವರಿಗೆ ಗೊತ್ತಿತ್ತು. ಖುಷಿಪಡಬೇಕೋ ಬೇಡವೋ ಎನ್ನುವುದು ಮಾತ್ರ ಗೊತ್ತಿರಲಿಲ್ಲ, ಪಾಪ.

"ಅಮ್ಮಾ, ಅಪ್ಪನ ದಾಖಲೆ ಹೋಯ್ತಲ್ಲ. ಬೇಜಾರಾಯ್ತಾ?"

ಅತ್ತೆ ಮಂಡಿಯ ಮಣ್ಣು ಕೊಡವಿಕೊಂಡರು.

"ಹೋಗ್ಲಿ ಬಿಡೋ," ಅಂದರು. "ಅದೂ ನಂದೇ ಅಲ್ವಾ."