ಗೆರೆಯಿಂದ ಒಂದು ಗೇಣು

ಬಟಾಣಿ ಕಾಳೊಂದು ನೆವ್‌ನ ಚಮಚದಿಂದ ಜಾರಿತು, ತಟ್ಟೆಯ ಅಂಚು ದಾಟಿ ಮೇಜಿನ ಮೇಲೆ ಉರುಳುತ್ತಿದೆ, ಅವಸರವಿಲ್ಲದೆ, ಎಲ್ಲಿಗೆ ಹೋಗಬೇಕೆಂದು ತನಗೆ ಗೊತ್ತಿದೆ ಎನ್ನುವ ಹಾಗೆ, ಮೇಜಿನ ಅಂಚಿಗೆ ಇನ್ನು ಒಂದು ಗೇಣು — ಬಿದ್ದರೆ ಬೀಳಲಿ, ಒಂದು ಬಟಾಣಿ ತಾನೆ, ಗುಡಿಸುವವರಿದ್ದಾರೆ — ಆದರೂ ನನ್ನ ಕೈ ಹೋಯಿತು, ನಾನು ಕಳಿಸಲಿಲ್ಲ, ತಾನಾಗಿಯೇ ಹೋಯಿತು, ಬೆರಳಿಂದ ಒತ್ತಿ ಹಿಡಿದೆ, ಕಾಳು ಅಪ್ಪಚ್ಚಿಯಾಯಿತು. ಅರವತ್ತೆರಡು ತುಂಬಿತು ಡೆಸ್ ಥ್ವೈಟ್, ಉರುಳುವುದನ್ನು ಅದರ ಪಾಡಿಗೆ ಬಿಡುವುದು ನಿನಗೆ ಇನ್ನೂ ಬರಲಿಲ್ಲ. ನೆವ್ ನೋಡಿದ, ನನ್ನ ಮುಖವನ್ನಲ್ಲ, ಹಸಿರು ಮೆತ್ತಿದ ಬೆರಳನ್ನು, ಮತ್ತೆ ಮೀನಿನ ಕಡೆ ತಿರುಗಿದ. ಮಂಗಳವಾರ ಈ ಆರೈಕೆ ಮನೆಯಲ್ಲಿ ಮೀನು, ಬಟಾಣಿ, ಹಿಸುಕಿದ ಆಲೂಗಡ್ಡೆ, ಆಮೇಲೆ ಹಳದಿ ಕಸ್ಟರ್ಡ್, ಆಮೇಲೆ ಟೀ, ನಾಲ್ಕು ವರ್ಷದಿಂದ ಇದೇ ಕುರ್ಚಿ, ಇದೇ ಕಿಟಕಿ, ಕಿಟಕಿಯಾಚೆ ಅದೇ ಒದ್ದೆ ಕಾರುಗಳು, ಒಳಗೆ ಬಿಸಿನೀರ ಕೊಳವೆಗಳ ಧಗೆ, ಸಾಬೂನು ಮತ್ತು ಮೂತ್ರ ಸೇರಿದ ವಾಸನೆ, ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ, ಈಗ ಅಭ್ಯಾಸ. ಇದು ಕೊನೆಯ ಮಂಗಳವಾರ. ಗುರುವಾರ ಇವನನ್ನು ಮಗಳ ಊರಿಗೆ ಒಯ್ಯುತ್ತಾರೆ, ಕಾರ್ನ್‌ವಾಲ್‌ಗೆ, ಇಂಗ್ಲೆಂಡ್ ಮುಗಿಯುವ ಆ ತುದಿಗೆ, ನನ್ನ ಮೊಣಕಾಲಿನಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆ. ಬಾಗಿಲಲ್ಲೇ ಇವನ ಹೆಂಡತಿ ಡೊರೀನ್ ನನ್ನ ತೋಳು ಹಿಡಿದಿದ್ದಳು, ಇವತ್ ಸ್ವಲ್ಪ ಜಾಸ್ತಿ ಹೊತ್ತು ಕೂತ್ಕೋ ಡೆಸ್, ಇನ್ನು ನೀವಿಬ್ರೂ ಸಿಗ್ತೀರೋ ಇಲ್ವೋ, ನಿನ್ನೆ ನನ್ನನ್ನೇ ನೋಡಿ ಯಾರಮ್ಮ ನೀನು ಅಂದ್ರು, ನಲವತ್ ವರ್ಷ ಸಂಸಾರ ಮಾಡಿದೀನಿ, ಯಾರಮ್ಮ ಅಂತೆ, ಆದ್ರೆ ಮಂಗಳವಾರ ಬಂದ್ರೆ ಸಾಕು, ಬೆಳಗ್ಗಿಂದ ಡೆಸ್ ಬಂದ್ನಾ ಡೆಸ್ ಬಂದ್ನಾ. ಹೆಂಡತಿಯ ಹೆಸರು ಹೋಯಿತು, ನನ್ನದು ಉಳಿಯಿತು, ನಾನು ಯಾವ ಪುಣ್ಯ ಮಾಡಿದ್ದೆನೋ, ನನ್ನದೇ ಮೊದಲು ಅಳಿಸಿಹೋಗಬಾರದಿತ್ತೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ಏಕೆಂದರೆ ಕೇಳುತ್ತಾನೆ, ಕಸ್ಟರ್ಡ್ ಮುಗಿದು ಟೀ ಬರುವ ಮುಂಚೆ, ತಪ್ಪದೆ, ಮೊದಲ ಸಲ ಕೇಳುವವನ ಹಾಗೆ, ಲೇ ಡೆಸ್, ಅದು ಒಳಗ್ ಹೋಗ್ತಿತ್ತೇನೋ? ನಾನು ಹೇಳುತ್ತೇನೆ, ಇಲ್ಲ ಕಣೋ, ಕಂಬದಿಂದ ಇಷ್ಟು ಆಚೆ ಹೋಗ್ತಿತ್ತು, ಎರಡೂ ಕೈ ಅಗಲಿಸಿ ಅಳತೆಯನ್ನೂ ತೋರಿಸುತ್ತೇನೆ, ಅವನು ಹಾಂ ಎಂದು ತಲೆದೂಗುತ್ತಾನೆ, ಮುಗಿಯಿತು, ಮುಂದಿನ ವಾರ ಮತ್ತೆ. ವಾರಕ್ಕೊಂದರಂತೆ ಇನ್ನೂರು ಸುಳ್ಳು. ಆಡುವ ಕಾಲದಲ್ಲಿ ನನ್ನ ಗೋಲು ತೊಂಬತ್ತೊಂಬತ್ತಕ್ಕೇ ನಿಂತವು, ಸುಳ್ಳು ಇನ್ನೂರು ಮುಟ್ಟಿತು. ಇವತ್ತು ಹೇಳಿಬಿಡಬೇಕು, ಬಸ್ಸಿನಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡು ಬಂದಿದ್ದೇನೆ — ನೆವ್, ಅದು ಒಳಗೇ ಹೋಗ್ತಿತ್ತು, ನಂಗೆ ಗೊತ್ತಿತ್ತು, ಗೊತ್ತಿದ್ದೂ ಮುಟ್ಟಿದೆ — ಇಷ್ಟೇ, ಮೂರು ಮಾತು, ಗುರುವಾರದ ಮೇಲೆ ಹೇಳಬೇಕೆಂದರೂ ಕೇಳಲು ಕಿವಿಯಿರುವುದಿಲ್ಲ.

ಹದಿನಾರರಲ್ಲಿ ಒಂದೇ ದಿನ ಸೇರಿದೆವು ಬ್ರಾಕ್ಸ್‌ಬಿ ಟೌನ್‌ಗೆ, ದೊಡ್ಡ ಆಟಗಾರರ ಬೂಟು ತಿಕ್ಕುವುದು, ಶನಿವಾರದ ಕಸವನ್ನು ಸೋಮವಾರ ಗುಡಿಸುವುದು, ನಡುವೆ ಸಮಯ ಸಿಕ್ಕರೆ ಫುಟ್‌ಬಾಲ್. ಕ್ರಾಶಾ ನಮ್ಮ ಗ್ಯಾಫರ್, ತಂಡವನ್ನು ನಡೆಸುವವನು, ಆ ಊರಲ್ಲಿ ಪಾದ್ರಿಗಿಂತ ಒಂದು ಕೈ ಮೇಲು, ಇಬ್ಬರನ್ನೂ ನಿಲ್ಲಿಸಿ ಎರಡೇ ನಿಮಿಷದಲ್ಲಿ ಹಣೆಬರಹ ಬರೆದ, ನೀನು, ಉದ್ದನೆ ಗೂಟ, ನೀನ್ ಹಿಂದೆ, ನಡುಗೆರೆ ದಾಟಿದ್ರೆ ಕಾಲ್ ಮುರೀತೀನಿ, ನೀನು, ಇಲಿಮೂತಿ, ನೀನ್ ಮುಂದೆ, ಸ್ಟ್ರೈಕರ್ ಅಂದ್ರೆ ಕಳ್ಳ ಕಣೋ, ದುರಾಸೆ ಇಲ್ದೋನು ಗೋಲ್ ಹೊಡಿಯಲ್ಲ. ಅಲ್ಲಿಂದ ನೆವ್ ಹದಿನಾಲ್ಕು ವರ್ಷ ನಡುಗೆರೆ ದಾಟಲಿಲ್ಲ, ನಾಲ್ಕುನೂರು ಚಿಲ್ಲರೆ ಪಂದ್ಯ, ಒಂದೂ ಗೋಲಿಲ್ಲ. ಶುಕ್ರವಾರ ಬಂತೆಂದರೆ ಗ್ಯಾಲರಿಯ ಕೆಳಗಿನ ಕಬ್ಬಿಣದ ತೊಲೆಗೆ ಹಗ್ಗ ಕಟ್ಟಿ ಚೆಂಡು ತೂಗುಬಿಡುತ್ತಿದ್ದರು, ನೆವ್ ತಲೆಯಿಂದ ಗುದ್ದಬೇಕು, ನೂರು ಸಲ, ಒದ್ದೆ ಚೆಂಡು, ಕಲ್ಲಿನಂಥ ಚೆಂಡು, ಧಬ್, ಧಬ್, ನಾನು ಮೆಟ್ಟಿಲ ಮೇಲೆ ಕೂತು ಪೈ ತಿನ್ನುತ್ತಾ ಎಣಿಸುವವನು, ಎಪ್ಪತ್ತಕ್ಕೆ ಅವನ ಕಣ್ಣು ನೀರಾಡುತ್ತಿತ್ತು, ಸಾಕು ಕಣೋ ನೂರಾಯ್ತು ಎಂದು ಒಂದು ಸಲವಾದರೂ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಬೇಕಾದಾಗ ಬರಲಿಲ್ಲ ನನಗೆ ಸುಳ್ಳು. ಈಗ ಡಾಕ್ಟರು ಹೇಳುತ್ತಾರೆ ಆ ಗುದ್ದೇ ಇವನ ತಲೆ ತಿಂದದ್ದು ಎಂದು. ತಲೆ ಕೊಟ್ಟವನು ಇವನು, ಹೆಸರು ಪಡೆದವನು ನಾನು. ಮತ್ತೆ ಆ ಹೆಸರಿನ ಆಸೆ — ಯಾರು ಒದೆಯಲಿ, ಯಾರ ಬೆನ್ನಿಗೆ ಬಡಿದು ಹೋಗಲಿ, ಬಲೆ ಅಲ್ಲಾಡಿದರೆ ಸಾಕು ನನ್ನ ಕೈ ಮೇಲೆ, ನಂದು, ನಂದೇ ಮುಟ್ಟಿದ್ದು, ಪತ್ರಿಕೆಯವನ ಹತ್ತಿರ ಓಡಿಹೋಗಿ ಬರಿಯಪ್ಪಾ ಥ್ವೈಟ್ ಅಂತ. ತೊಂಬತ್ತೊಂಬತ್ತರಲ್ಲಿ ಏಳಾದರೂ ನನ್ನವಲ್ಲ, ನನಗೆ ಗೊತ್ತು, ಏಳೇ ಎಂದು ಇಟ್ಟುಕೊಳ್ಳೋಣ.

ನೂರಕ್ಕೆ ಹಲಗೆ. ಮೈದಾನಕ್ಕೆ ಇಳಿಯುವ ಓಣಿಯಲ್ಲಿ ಕಪ್ಪು ಹಲಗೆ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಮೂರು ಹೆಸರು, ಕ್ಲಬ್ಬಿಗೆ ನೂರು ಗೋಲು ಹೊಡೆದವರದು, ಮೂರನೆಯದರ ಕೆಳಗೆ ಒಂದು ಸಾಲಿಗೆ ಜಾಗ, ಹದಿನಾಲ್ಕು ವರ್ಷ ಆ ಜಾಗವನ್ನು ಬೆರಳಿಂದ ಮುಟ್ಟಿಯೇ ಮೈದಾನಕ್ಕೆ ಇಳಿದಿದ್ದೇನೆ. ಆ ಮೇ ತಿಂಗಳು, ಋತುವಿನ ಕೊನೆಯ ಪಂದ್ಯ, ಸಮ ಮಾಡಿಕೊಂಡರೆ ಉಳಿಯುತ್ತೇವೆ, ಸೋತರೆ ಕೆಳಗಿನ ವಿಭಾಗಕ್ಕೆ, ಒಂದು ಗೋಲು ಹಿಂದಿದ್ದೇವೆ, ಇನ್ನು ಒಂದು ನಿಮಿಷವೋ ಎರಡೋ, ಮಳೆ ನಿಂತು ಕೆಸರು, ಮೂಲೆಯಿಂದ ಚೆಂಡು ಬಂತು, ಅವರ ಗೋಲ್‌ಕೀಪರ್ ಹೊರಗೆ ಹಾರಿ ಬಂದು ಗುದ್ದಿದ, ನಾನು ಅವನ ಮೊಣಕೈ ತಿಂದು ಕಂಬದ ಬುಡದಲ್ಲಿ ಬಿದ್ದೆ, ಎದ್ದು ನೋಡುತ್ತೇನೆ, ನೆವ್. ನೆವ್ ನಡುಗೆರೆ ದಾಟಿ ಬಂದಿದ್ದಾನೆ, ಜೀವಮಾನದಲ್ಲಿ ಮೊದಲ ಸಲ, ಅತ್ತ ಕ್ರಾಶಾ ಟೋಪಿ ಕಿತ್ತೆಸೆದು ಹಿಂದಕ್ ಬಾರೋ ಗೂಟ ಎಂದು ಅರಚುತ್ತಿದ್ದಾನೆ, ನೆವ್ ಒದ್ದ, ಸರಿಯಾಗಿ ತಾಗಲೂ ಇಲ್ಲ, ಬೂಟಿನ ಪಕ್ಕ ತಾಗಿ ಚೆಂಡು ಉರುಳಿಕೊಂಡು ಬಂತು, ಗೋಲ್‌ಕೀಪರನನ್ನು ದಾಟಿತು, ಎಲ್ಲರನ್ನೂ ದಾಟಿತು, ಕೆಸರಲ್ಲಿ ನಿಧಾನವಾಗಿ, ಸೀದಾ, ಖಾಲಿ ಗೋಲಿನೊಳಕ್ಕೆ. ಮುಟ್ಬೇಡ! ನೆವ್ ಕೂಗಿದ, ಮುಟ್ಬೇಡ ಡೆಸ್! ಕೇಳಿಸಿತು, ಸಾವಿರಾರು ಜನರ ಗದ್ದಲದಲ್ಲಿ ಆ ಒಂದು ಗಂಟಲು ಸ್ಪಷ್ಟವಾಗಿ ಕೇಳಿಸಿತು. ನನಗೂ ಗೆರೆಗೂ ನಡುವೆ ಎದುರಾಳಿ ಒಬ್ಬನೂ ಇಲ್ಲ, ಅಂದರೆ ನಾನು ಆಫ್‌ಸೈಡ್, ಮುಟ್ಟಿದರೆ ಗೋಲು ಕೆಡುತ್ತದೆ, ಸುಮ್ಮನೆ ನಿಂತರೆ ಗೋಲು, ಬೂಟು ತಿಕ್ಕುವ ಹುಡುಗನಿಗೂ ಗೊತ್ತಿರುವ ಮಾತು. ಒಂದು ಗೇಣು. ಬಿಳಿ ಗೆರೆಯಿಂದ ಒಂದು ಗೇಣು ಈಚೆ ಚೆಂಡು, ಅದರ ಮೇಲಿನ ಕೆಸರಿನ ಚುಕ್ಕೆ ಸುತ್ತುತ್ತಾ ಮೇಲೆ ಬರುತ್ತಿದೆ ಕೆಳಗೆ ಹೋಗುತ್ತಿದೆ, ನನ್ನ ಬಲಗಾಲು ಚಾಚಿಕೊಂಡಿತು. ಚಾಚಿಕೊಂಡಿತು ಏನು, ಚಾಚಿದೆ. ನಾನೇ ಚಾಚಿದೆ. ಬಲೆ ಅಲ್ಲಾಡಿತು, ಕೈ ಮೇಲೆ ಹೋಯಿತು, ನಂದು, ನೂರು, ಹಲಗೆ, ಜನರತ್ತ ಓಡಿದೆ, ನಾಲ್ಕು ಹೆಜ್ಜೆ ಓಡಿದೆ, ನಾಲ್ಕು ಹೆಜ್ಜೆಯಷ್ಟು ಹೊತ್ತು ನೂರು ನನ್ನದಾಗಿತ್ತು, ಆಮೇಲೆ ಲೈನ್ಸ್‌ಮನ್ನನ ಬಾವುಟ ಕಂಡಿತು, ಆಫ್‌ಸೈಡ್, ಗೋಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ತುತ್ತು ಬೇರೆಯವರದಾಗಿತ್ತು, ಅಷ್ಟೇ. ಓಣಿಯಲ್ಲಿ ರೆಫ್ರಿ ನನ್ನ ಪಕ್ಕಕ್ಕೆ ಬಂದ, ಯಾರಿಗೂ ಕೇಳದ ಹಾಗೆ, ಪಾಪ ಎಂಬ ದನಿಯಲ್ಲಿ, ನೀನ್ ಮುಟ್ದೆ ಇದ್ದಿದ್ರೆ ಕೊಟ್ಬಿಡ್ತಿದ್ದೆ ಕಣಪ್ಪ. ಒಳಗೆ ಸ್ನಾನದ ದೊಡ್ಡ ತೊಟ್ಟಿಯ ಕಂದು ನೀರಲ್ಲಿ ಹನ್ನೊಂದು ಜನ, ನೆವ್ ಎದೆಯ ತನಕ ನೀರಲ್ಲಿ ಕೂತು ಮೆಲ್ಲಗೆ, ಹೆದರಿಕೊಂಡೇ ಕೇಳಿದ, ಒಳಗ್ ಹೋಗ್ತಿತ್ತೇನೋ? ಇಲ್ಲ ಕಣೋ, ಹೊರಗೆ. ನನ್ ಕೂಗು ಕೇಳಿಸ್ಲಿಲ್ವಾ? ಎಲ್ಲಿ ಕೇಳ್ಸುತ್ತೆ ಆ ಗಲಾಟೇಲಿ. ನಂಬಿದ. ಮುಠ್ಠಾಳ, ನಂಬಿಬಿಟ್ಟ. ಊರು ನಂಬಲಿಲ್ಲ, ಊರು ನನ್ನ ಬಾಗಿಲಿಗೆ ಉಗಿಯಿತು, ಇಲ್ಲಿ ಚಾಕೊಲೇಟ್ ಕಡ್ಡಿ ಸಿಕ್ಕಿಸಿದ ಐಸ್‌ಕ್ರೀಮಿಗೆ ತೊಂಬತ್ತೊಂಬತ್ತು ಎಂದು ಹೆಸರು, ನಾನು ಹೋದ ಮೈದಾನದಲ್ಲೆಲ್ಲ, ಚಳಿಗಾಲದಲ್ಲೂ, ಐಸ್‌ಕ್ರೀಮು ಎತ್ತಿ ಹಿಡಿದು ಜನ ಹಾಡುತ್ತಿದ್ದರು, ಡೆಸ್ಸೀ ಒಂದ್ ನೆಕ್ಕೋ, ಡೆಸ್ಸೀ ಒಂದ್ ನೆಕ್ಕೋ. ಪಬ್ಬಿನಲ್ಲಿ ಒಬ್ಬ ನನ್ನ ಮುಂದೆಯೇ ಅದನ್ನು ಹಾಡಿದಾಗ ನೆವ್ ಎದ್ದು ಅವನ ಮುಂದಿನ ಹಲ್ಲು ಉದುರಿಸಿದ, ಅದು ಹೊರಗ್ ಹೋಗ್ತಿತ್ತು ಕಣ್ರೋ, ಒದ್ದೋನು ನಾನು, ನಂಗ್ ಗೊತ್ತಿಲ್ವಾ, ಡೆಸ್ ಕಾಪಾಡಕ್ ನೋಡ್ದ. ಕಾಪಾಡಕ್ ನೋಡ್ದನಂತೆ. ಆಗ ಹೇಳಬೇಕಿತ್ತು. ನಾನು ಇನ್ನೊಂದು ಸುತ್ತು ಬಿಯರ್ ತರಿಸಿದೆ.

ಆ ಬೇಸಿಗೆ ಕ್ರಾಶಾನನ್ನು ಕಿತ್ತರು, ನನ್ನನ್ನು ಕೆಳಗಿನ ಕ್ಲಬ್ಬಿಗೆ ಮಾರಿದರು, ಅಲ್ಲಿಂದ ಅದಕ್ಕಿಂತ ಕೆಳಗೆ, ಮೊಣಕಾಲಿಗೆ ಸೂಜಿ, ಶನಿವಾರ ಸೂಜಿ, ಭಾನುವಾರ ಮೆಟ್ಟಿಲ ಮೇಲೆ ಕುಂಡೆಯೂರಿ ಇಳಿಯುವುದು, ಗ್ಲೆನಿಸ್ ಇನ್ನೂ ಹೆಂಡತಿಯಾಗಿದ್ದ ಕಾಲ, ಕೆಳಗೆ ನಿಂತು ನೋಡುತ್ತಿದ್ದಳು, ಯಾರಿಗೋಸ್ಕರ ಡೆಸ್? ಈಗಲೂ ಶನಿವಾರ ಬ್ರಾಕ್ಸ್‌ಬಿಯವರು ನನಗೊಂದು ಕೋಟು ಟೈ ಕೊಟ್ಟು ದೊಡ್ಡ ಅತಿಥಿಗಳ ಮೇಜಿನಿಂದ ಮೇಜಿಗೆ ಕಳಿಸುತ್ತಾರೆ, ಹಳೆಯ ಸ್ಟ್ರೈಕರ್, ನಂಬರ್ ನೈನ್, ಮಹನೀಯರೇ, ಬ್ರಾಕ್ಸ್‌ಬಿಯ ಡೆಸ್ಸೀ, ಅವರು ಮಾಂಸ ಕುಯ್ಯುತ್ತಾ ಕೇಳುತ್ತಾರೆ, ನಿಜ ಹೇಳಿ, ಯಾಕ್ರೀ ಮುಟ್ಟಿದ್ರಿ? ನಗಿಸಲು ಒಂದು ಸಿದ್ಧ ಜೋಕಿದೆ, ಹೇಳುತ್ತೇನೆ, ನಗುತ್ತಾರೆ. ಹಲಗೆಯಲ್ಲಿ ಆ ಒಂದು ಸಾಲು ಇನ್ನೂ ಖಾಲಿ. ನೆವ್‌ನ ಹೆಸರು ಯಾವ ಹಲಗೆಯಲ್ಲೂ ಇಲ್ಲ, ಒಂದು ಗೋಲು, ಇಡೀ ಜೀವಮಾನಕ್ಕೆ ಒಂದು, ಊರನ್ನು ಉಳಿಸಿದವನು ಎಂದು ಮೊಮ್ಮಕ್ಕಳ ಕಾಲದ ತನಕ ಬಿಟ್ಟಿ ಬಿಯರ್ ಕುಡಿದುಕೊಂಡಿರಬಹುದಾಗಿತ್ತು.

ಕಸ್ಟರ್ಡ್ ಮುಗಿಯಿತು. ಡೊರೀನ್ ಅವನ ಗಲ್ಲ ಒರೆಸಿ ಬಟ್ಟಲು ಎತ್ತಿಕೊಂಡು ಟೀ ತರಲು ಹೋದಳು, ಅವನ ತುಟಿ ಅಲುಗುತ್ತಿದೆ, ಬಂತು, ಬಂತು ಈಗ, ಲೇ ಡೆಸ್ — ಹೂಂ ಹೇಳೋ — ಅದು ಒಳಗ್ ಹೋಗ್ತಿತ್ತೇನೋ? ನನ್ನ ಕೈಗಳು ಅಳತೆ ತೋರಿಸಲು ಆಗಲೇ ಮೇಲೆದ್ದಿವೆ, ಬಲವಂತವಾಗಿ ತೊಡೆಯ ಮೇಲೆ ಇಟ್ಟೆ. ಹೋಗ್ತಿತ್ತು ನೆವ್. ಒಳಗೇ ಹೋಗ್ತಿತ್ತು. ನೆವ್ ತಲೆದೂಗಲಿಲ್ಲ, ನೋಡುತ್ತಲೇ ಇದ್ದ, ಮೆಲ್ಲಗೆ ಮುಖ ಬಿಚ್ಚಿಕೊಂಡಿತು, ಹದಿನಾರರ ಮುಖ, ಗೂಟ ಎಂದು ಕರೆಸಿಕೊಳ್ಳುವ ಮೊದಲಿನ ಮುಖ, ಹೋಗ್ತಿತ್ತಾ? ಹಂಗಾದ್ರೆ ನಾನ್ ಗೋಲ್ ಹೊಡ್ದೆ! ಡೊರೀನ್, ನಾನ್ ಗೋಲ್ ಹೊಡ್ದೆ ಕಣೇ! — ಅವಳ ಹೆಸರು ಬಂತು ಬಾಯಿಗೆ, ಎಷ್ಟು ತಿಂಗಳಾಗಿತ್ತೋ, ಅವಳು ಅಲ್ಲಿಲ್ಲ — ಎರಡೂ ಮುಷ್ಟಿ ಗಾಳಿಯಲ್ಲಿ, ಕಿಟಕಿಯ ಪಕ್ಕದ ಮುದುಕಿ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದಳು. ಆಮೇಲೆ ಮುಷ್ಟಿ ಇಳಿದವು. ಮತ್ತೆ ಕೊಡ್ಲಿಲ್ವಲ್ಲೋ, ಯಾರ್ ಕೆಡಿಸಿದ್ದು? ಹೇಳು, ಡೆಸ್ ಥ್ವೈಟ್, ಉಳಿದ ಎರಡು ಮಾತು, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಯಲ್ಲ, ನಾನು, ಎರಡೇ ಅಕ್ಷರ — ಲೈನ್ಸ್‌ಮನ್, ಅಂದೆ. ಆ ಲೈನ್ಸ್‌ಮನ್ ನನ್ಮಗ ಕಣೋ, ಸುಮ್ಸುಮ್ನೆ ಬಾವುಟ ಎತ್ತಿದ. ಥೂ ಕುರುಡ್ ನನ್ಮಗ, ಎಂದ ನೆವ್, ಸಂತೋಷವಾಗಿ, ಕುರುಡ್ ನನ್ಮಗ ಅಂದೆ ನಾನೂ, ಇಬ್ಬರೂ ನಕ್ಕೆವು, ಅವನ ಕಣ್ಣಲ್ಲಿ ನೀರು ಬರುವಷ್ಟು. ಇನ್ನೂರೊಂದು. ಗೋಲನ್ನು ಕೊಟ್ಟೆ, ಕಳ್ಳನನ್ನು ಕೊಡಲಿಲ್ಲ, ನಾಚಿಕೆಗೆಟ್ಟವನೇ.

ನಗು ನಿಂತಿದೆ. ನೆವ್ ಕೆಳಗೆ ನೋಡುತ್ತಿದ್ದಾನೆ, ಮೇಜಿನ ಕೆಳಗೆ, ನನ್ನ ಬೂಟನ್ನು, ಬಲಗಾಲಿನದನ್ನು, ಏನು ಬಿದ್ದಿದೆ ಅಲ್ಲಿ, ಇನ್ನೊಂದು ಬಟಾಣಿಯೆ, ಏನೂ ಇಲ್ಲ. ಅವನ ಕಾಲು ಮುಂದೆ ಬಂತು, ಚೌಕಳಿ ಬಟ್ಟೆಯ ಮನೆಚಪ್ಪಲಿ, ಮೆಲ್ಲಗೆ, ನೆಲ ತಡವುತ್ತಾ ಬಂತು, ನನ್ನ ಬೂಟಿನ ಮೇಲೆ ಕೂತಿತು, ಒತ್ತಿತು. ಕಾಯಿಲೆಯವನ ಒತ್ತಡವಲ್ಲ, ನಾಲ್ಕುನೂರು ಪಂದ್ಯ ಎದುರಾಳಿಯನ್ನು ನೆಲಕ್ಕೆ ಕಟ್ಟಿಹಾಕಿದವನ ಭಾರ. ಡೊರೀನ್ ಟೀ ಹಿಡಿದು ಬರುತ್ತಿದ್ದಾಳೆ, ಕಪ್ಪು-ಬಸಿಗಳು ಕಿಣಿಗುಟ್ಟುತ್ತಿವೆ, ಅವನು ತಲೆ ಎತ್ತಲಿಲ್ಲ, ನನಗಷ್ಟೇ ಕೇಳುವ ಹಾಗೆ, ಸಿಟ್ಟಿಲ್ಲದೆ, ಮಗುವಿಗೆ ಹೇಳಿದ ಹಾಗೆ, ಮುಟ್ಬೇಡ ಡೆಸ್. ಗೊತ್ತಿತ್ತೆ ನಿನಗೆ, ತೊಟ್ಟಿಯಲ್ಲಿ ಕೂತು ಕೇಳಿದ ದಿನದಿಂದಲೂ, ಹಲ್ಲು ಉದುರಿಸಿದ ದಿನವೂ ಗೊತ್ತಿತ್ತೆ — ಮುಟ್ಬೇಡ, ಅಷ್ಟೇ, ಮತ್ತೇನೂ ಇಲ್ಲ, ಚೆಂಡು ಉರುಳುತ್ತಿದೆ, ಕೆಸರಿನ ಚುಕ್ಕೆ ಮೇಲೆ ಬರುತ್ತದೆ ಕೆಳಗೆ ಹೋಗುತ್ತದೆ, ಬಿಳಿ ಗೆರೆಗೆ ಒಂದು ಗೇಣು, ಅವನು ಒತ್ತಿ ಹಿಡಿದಿದ್ದಾನೆ, ಒಂದು ಗೇಣು, ಚಪ್ಪಲಿಯ ಕೆಳಗೆ ನನ್ನ ಬಲಗಾಲು ಮಿಸುಕಿತು, ಈಗಲೂ.